ಪಕ್ಕದ ಮನೆಯ ಮರ ನಮ್ಮ ಮನೆ ಮೇಲೆ ಬಿದ್ದರೆ ಖರ್ಚು ಯಾರದು?

ಪ್ರಶ್ನೆ: ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಬಾಡಿಗೆಗಿದ್ದೇವೆ. ಮೊನ್ನೆಯ ಗಾಳಿಮಳೆಗೆ ಪಕ್ಕದ ಕಾಂಪೌಂಡಿನ ಬೇವಿನ ಮರ ಉರುಳಿ ನಮ್ಮ ಅಡುಗೆಮನೆಯ ಶೀಟು ಒಡೆಯಿತು, ಬೈಕೂ ಜಖಂ ಆಯಿತು. ಆ ಮನೆಯವರೂ ಬಾಡಿಗೆದಾರರೇ. ಯಾರನ್ನು ಕೇಳಬೇಕು?

ಉತ್ತರ: ಮರ ಯಾರದೋ ಅವರೇ ಕೊಡಬೇಕು ಅಂತ ತುಂಬಾ ಜನ ನಂಬಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಮರ ಬೀಳುವ ಸ್ಥಿತಿಯಲ್ಲಿದೆ ಅಂತ ಆ ಕಡೆಯವರಿಗೆ ಮೊದಲೇ ಗೊತ್ತಿತ್ತಾ, ನೋಡಿದ್ದರೆ ಗೊತ್ತಾಗುತ್ತಿತ್ತಾ ಅನ್ನುವುದೇ ಮುಖ್ಯ. ಗಟ್ಟಿಮುಟ್ಟಾಗಿದ್ದ ಮರ ಬಿರುಗಾಳಿಗೆ ಬುಡಮೇಲಾದರೆ ಅದು ಯಾರ ತಪ್ಪೂ ಅಲ್ಲ. ಒಣಗಿದ, ವಾಲಿದ, ಗೆದ್ದಲು ತಿಂದ ಮರವನ್ನು ಸುಮ್ನೆ ಬಿಟ್ಟಿದ್ದರೆ ಅದು ನಿರ್ಲಕ್ಷ್ಯ, ಪರಿಹಾರ ಕೇಳಬಹುದು.

ಹಾಗಾಗಿ ಮರ ಕತ್ತರಿಸುವ ಮೊದಲೇ ಬುಡದ ಫೋಟೊ ತೆಗೆಯಿರಿ. ಕಾಂಡದೊಳಗೆ ಟೊಳ್ಳು, ತೊಗಟೆ ಮೇಲೆ ಗೆದ್ದಲಿನ ಮಣ್ಣು, ಬೇರಿನ ಹತ್ತಿರ ಅಣಬೆ, ಮುಟ್ಟಿದರೆ ಪುಡಿಯಾಗುವ ಬೇರು, ಇವೆಲ್ಲ ಹತ್ತಿರದಿಂದ ಕಾಣಬೇಕು. ಗರಗಸದವರು ಬಂದು ಹೋದಮೇಲೆ ಈ ಸಾಕ್ಷಿ ಉಳಿಯುವುದಿಲ್ಲ. "ಮರ ವಾಲಿದೆ, ಕಡಿಸಿ" ಅಂತ ಹಿಂದೆ ವಾಟ್ಸಾಪ್ ಕಳಿಸಿದ್ದರೆ ಅದಕ್ಕಿಂತ ದೊಡ್ಡ ಬಲ ಇಲ್ಲ. ಬಾಯಿಮಾತಲ್ಲಿ ಹೇಳಿದ್ದನ್ನು ಆಮೇಲೆ ಯಾರೂ ಒಪ್ಪುವುದಿಲ್ಲ, ಅಲ್ವಾ? ಕೊಂಬೆಗೆ ಕರೆಂಟ್ ತಂತಿ ಸಿಕ್ಕಿದ್ದರೆ ಮಾತ್ರ ಹತ್ತಿರ ಹೋಗಬೇಡಿ, ಬೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಮೊದಲು ಕೇಳಬೇಕಾದದ್ದು ಆ ಮನೆಯ ಮಾಲೀಕರನ್ನು. ಅಲ್ಲಿನ ಬಾಡಿಗೆದಾರರು ಬುಡ ಅಗೆದಿದ್ದರೆ, ಅಥವಾ ಅಪಾಯ ಗೊತ್ತಿದ್ದೂ ಓನರ್‌ಗೆ ತಿಳಿಸದಿದ್ದರೆ ಅವರ ಮೇಲೂ ಹೊಣೆ ಬರಬಹುದು.

ಇನ್ನು ನಿಮ್ಮ ಶೀಟು. ಅದು ನಿಮ್ಮ ಮಾಲೀಕರ ಆಸ್ತಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ತಡೆಯಲಾಗದ ಶಕ್ತಿಯಿಂದ ಆದ ಹಾನಿಗೆ ಬಾಡಿಗೆದಾರ ಹೊಣೆಯಲ್ಲ. ಬೇರೆ ಕರಾರಿಲ್ಲದಿದ್ದರೆ ಇದನ್ನು ನಿಮ್ಮ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವುದು ನ್ಯಾಯವಲ್ಲ. ರಿಪೇರಿ ಅವರ ಪಾಲಿನದ್ದಾಗಿದ್ದು, ನೋಟಿಸ್ ಕೊಟ್ಟರೂ ಮಾಡಿಸದಿದ್ದರೆ, ನೀವೇ ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದು. ನೋಟಿಸ್ ಬರವಣಿಗೆಯಲ್ಲಿರಲಿ, ಬಿಲ್ ಇಟ್ಟುಕೊಳ್ಳಿ.

ಬೈಕಿಗೆ ಪೂರ್ಣ ವಿಮೆ ಇದ್ದರೆ ಕ್ಲೇಮ್ ಮಾಡಿ. ಬರೀ ಥರ್ಡ್ ಪಾರ್ಟಿ ವಿಮೆಯಲ್ಲಿ ಇದಕ್ಕೆ ಹಣ ಬರುವುದಿಲ್ಲ.

ಬಿದ್ದ ಮರದ ಸೌದೆಯನ್ನು ಮಾರಬೇಡಿ, ಅದು ಇನ್ನೂ ಪಕ್ಕದವರದ್ದೇ. ಮಾತುಕತೆ ಮುರಿದರೆ ನೇರ ಕೋರ್ಟಿಗೆ ಹೋಗುವ ಬದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಇಂಥ ಜಗಳ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಎರಡೂ ಮನೆಯವರಿಗೆ ಖರ್ಚು ಕಡಿಮೆ.