ಇಟ್ಟಿಗೆ ಗೋಡೆ ರಿಪೇರಿಗೆ ಸಿಮೆಂಟ್ ಎಷ್ಟು ಜಾಸ್ತಿ ಹಾಕಬೇಕು?

ಪ್ರಶ್ನೆ: ಕಾಂಪೌಂಡ್ ಗೋಡೆಯ ಇಟ್ಟಿಗೆ ಸಂದುಗಳಲ್ಲಿ ಗಾರೆ ಉದುರುತ್ತಿದೆ, ಎರಡು ಇಟ್ಟಿಗೆ ಪುಡಿಯಾಗಿವೆ. ನಾನೇ ಸರಿಮಾಡಬಹುದಾ? ಗಟ್ಟಿಯಾಗಲು ಸಿಮೆಂಟ್ ಎಷ್ಟು ಜಾಸ್ತಿ ಹಾಕಬೇಕು?

ಧಾರಾಳವಾಗಿ ಮಾಡಬಹುದು. ಆದರೆ ಆ "ಎಷ್ಟು ಜಾಸ್ತಿ" ಇದೆಯಲ್ಲ, ಅದನ್ನು ಮೊದಲು ಬಿಡಿ. ಪ್ರತಿ ಮಳೆಗಾಲ ಮುಗಿದ ಮೇಲೂ ಇದನ್ನೇ ಬರೆದು ಬರೆದು ಸಾಕಾಗಿದೆ.

ಸಿಮೆಂಟ್ ಹೆಚ್ಚಾದಷ್ಟೂ ಗೋಡೆ ಗಟ್ಟಿ ಅನ್ನೋದು ಸುಳ್ಳು. ಗೂಡಿನಲ್ಲಿ ಸುಟ್ಟ ನಮ್ಮ ಮಾಮೂಲಿ ಇಟ್ಟಿಗೆ ಮೆದು, ನೀರು ಕುಡಿಯುತ್ತದೆ. ಆ ನೀರು ಸಂದಿನ ಮೂಲಕ ಆರಿಹೋಗಬೇಕು. ಗೋಡೆ ಸ್ವಲ್ಪ ಅಲುಗಿದರೆ ಬಿರುಕು ಬಿಡಬೇಕಾದದ್ದೂ ಸಂದೇ, ಇಟ್ಟಿಗೆಯಲ್ಲ. ಸಂದಿನ ಗಾರೆಯನ್ನು ಮತ್ತೆ ತುಂಬಬಹುದು, ಒಡೆದ ಇಟ್ಟಿಗೆಯನ್ನು ಕಿತ್ತು ಹಾಕಲೇಬೇಕು. ನೀವು ಸಂದಿಗೆ ಸಿಮೆಂಟ್ ಜಡಿದರೆ ನೀರು ಇಟ್ಟಿಗೆಯ ಮೈಯಿಂದಲೇ ಆರಬೇಕಾಗುತ್ತದೆ, ನೀರಿನ ಜೊತೆ ಬಂದ ಉಪ್ಪು ಅಲ್ಲೇ ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಹಪ್ಪಳದ ಹಾಗೆ ಎಬ್ಬಿಸುತ್ತದೆ. ಹಾಗೆ ರಿಪೇರಿಯಾದ ಹಳೇ ಗೋಡೆ ನೋಡಿ: ಸಿಮೆಂಟಿನ ಗೆರೆಗಳು ಎದ್ದು ನಿಂತಿರುತ್ತವೆ, ನಡುವೆ ಇಟ್ಟಿಗೆ ಸವೆದು ಗುಳಿ ಬಿದ್ದಿರುತ್ತದೆ, ಬುಡದಲ್ಲಿ ಕೆಂಪು ಪುಡಿ. ಸಿಮೆಂಟ್ ತಿಳಿ ಬಳಿಯೋದೂ ಇದೇ ಕಥೆ.

ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಸಾಕು. ಅದರ ಜೊತೆ ಒಂದು ಪಾಲು ಸುಣ್ಣ ಸೇರಿದರೆ ಇನ್ನೂ ಒಳ್ಳೇದು. ಹಳೇ ಗಾರೆ ಬೆಳ್ಳಗಿದ್ದು ಮೊಳೆಯಲ್ಲಿ ಕೆರೆದರೆ ಸುಲಭವಾಗಿ ಉದುರಿದರೆ ಅದು ಬಹುಶಃ ಸುಣ್ಣದ ಗಾರೆ, ಅಲ್ಲಿ ಸಿಮೆಂಟ್ ಬೇಡವೇ ಬೇಡ. ಒಂದಕ್ಕೆ ಮೂರರಂತೆ ಸುಣ್ಣ, ಮರಳು ಹಾಕಿ.

ಕೆಲಸ ಸುಲಭ. ಸಡಿಲ ಗಾರೆಯನ್ನು ಉಳಿ ಸುತ್ತಿಗೆಯಿಂದ ಸುಮಾರು 20 ಮಿಲಿಮೀಟರ್ ಆಳಕ್ಕೆ ತೆಗೆಯಿರಿ. ಗ್ರೈಂಡರ್ ಹಿಡಿಯಬೇಡಿ, ಹೊಸಬರ ಕೈಯಲ್ಲಿ ಅದು ಇಟ್ಟಿಗೆಯ ಅಂಚು ತಿನ್ನುತ್ತದೆ. ಧೂಳು ಗುಡಿಸಿ, ನೀರು ಚಿಮುಕಿಸಿ, ಗಾರೆಯನ್ನು ಒತ್ತಿ ತುಂಬಿ. ಪುಡಿಯಾದ ಇಟ್ಟಿಗೆ ತೆಗೆಯುವಾಗಲೂ ಏಟು ಸುತ್ತಲಿನ ಗಾರೆಗೆ ಬೀಳಲಿ, ಪಕ್ಕದ ಇಟ್ಟಿಗೆಗಲ್ಲ. ಹೊಸ ಇಟ್ಟಿಗೆಯನ್ನು ಗುಳ್ಳೆ ನಿಲ್ಲುವವರೆಗೆ ನೀರಲ್ಲಿ ನೆನೆಸಿ. ಸಿಮೆಂಟ್ ಗಾರೆಯನ್ನು ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ, ಬಿಗಿದುಕೊಂಡದ್ದಕ್ಕೆ ಮತ್ತೆ ನೀರು ಹಾಕಿ ಮೆತ್ತಗೆ ಮಾಡಬೇಡಿ. ಏಳು ದಿನ ಒದ್ದೆ ಗೋಣಿಚೀಲ ಹೊದಿಸಿಡಿ. ಕೈಗವಸು, ಕನ್ನಡಕ ಮರೆಯಬೇಡಿ, ಸುಣ್ಣ ಕಣ್ಣಿಗೆ ಬಿದ್ದರೆ ಆಟವಲ್ಲ. ಬಿರುಕು ಮೆಟ್ಟಿಲಿನಂತೆ ಹತ್ತುತ್ತಾ ಅಗಲವಾಗುತ್ತಿದ್ದರೆ ಮಾತ್ರ ಇದ್ಯಾವುದೂ ಬೇಡ, ಇಂಜಿನಿಯರ್‌ಗೆ ತೋರಿಸಿ.

ಅಂದಹಾಗೆ, ನೀವು ಕೇಳಲಿಲ್ಲ, ಆದರೂ ಹೇಳ್ತೀನಿ. ಮನೆ ಕಟ್ಟಿದಾಗ ಉಳಿದ ಆ ಅರ್ಧ ಚೀಲ ಸಿಮೆಂಟ್ ಸ್ಟೋರ್ ರೂಮಿನಲ್ಲಿ ಇದೆ ಅಲ್ವಾ? ಕೈ ಹಾಕಿ ನೋಡಿ. ಬೆರಳಲ್ಲಿ ಒತ್ತಿದರೂ ಪುಡಿಯಾಗದ ಗಂಟು ಸಿಕ್ಕಿದರೆ ಅದನ್ನು ಜರಡಿ ಹಿಡಿದು ಉಳಿಸೋಕೆ ಹೋಗಬೇಡಿ. ತೇವ ಕುಡಿದು ಅದರ ಕಸುವು ಹೋಗಿದೆ.