ವೆರಿಫಿಕೇಶನ್ ಕಾಲ್ ಬಂದಾಗ ಸುಮ್ನೆ ‘ಹೌದು’ ಅನ್ನಬೇಡಿ

ಬ್ಯಾಂಕಿನಲ್ಲಿ ನನ್ನ ಹುದ್ದೆಗೆ ರಿಲೇಶನ್‌ಶಿಪ್ ಮ್ಯಾನೇಜರ್ ಅಂತ ಹೆಸರು. ಮೇಜಿನ ಈ ಕಡೆ ಕೂತು 9 ವರ್ಷವಾಯಿತು. ಇದು ಲೆಕ್ಕದ ಕೆಲಸ ಅಂತ ಜನ ಅಂದುಕೊಳ್ಳುತ್ತಾರೆ. ಅಲ್ಲ, ಮಾತಿನ ಕೆಲಸ.

ಶುರುವಿನಲ್ಲಿ ನಾನೇ ಮಾಡಿದ್ದೊಂದು ಹೇಳುತ್ತೇನೆ. ಫೆಬ್ರವರಿ ಕೊನೆ. ಮೈಸೂರಿನ ನಮ್ಮ ಶಾಖೆಗೆ ನಿವೃತ್ತ ಮೇಷ್ಟ್ರೊಬ್ಬರು ಬಂದರು. ಖಾತೆಯಲ್ಲಿ 2 ಲಕ್ಷ ಇದೆ, ಎಫ್‌ಡಿ ಇಡಬೇಕು ಅಂದರು. ನನ್ನ ಟಾರ್ಗೆಟ್ ಶೀಟಿನಲ್ಲಿ ಎಫ್‌ಡಿಗೆ ಅಷ್ಟೇನೂ ಬೆಲೆಯಿಲ್ಲ. ವಿಮೆಗೆ ಇದೆ, ಯಾಕೆಂದರೆ ವಿಮಾ ಕಂಪನಿ ಬ್ಯಾಂಕಿಗೆ ಕಮಿಷನ್ ಕೊಡುತ್ತದೆ, ಅದೂ ಮೊದಲ ವರ್ಷದ ಪ್ರೀಮಿಯಂ ಮೇಲೆ ಜಾಸ್ತಿ. ‘ಮೇಷ್ಟ್ರೇ, ಎಫ್‌ಡಿಗಿಂತ ಒಳ್ಳೆಯದೊಂದಿದೆ, 5 ವರ್ಷದ್ದು’ ಅಂದೆ. ಪ್ರೀಮಿಯಂ ಕಟ್ಟುವುದು 5 ವರ್ಷ, ವರ್ಷಕ್ಕೆ 2 ಲಕ್ಷದಂತೆ. ದುಡ್ಡು ಕೈಗೆ ಬರುವುದು 10 ವರ್ಷ ಕಳೆದ ಮೇಲೆ. ಅವರ ಕಿವಿಗೆ ಬಿದ್ದದ್ದು ಮಾತ್ರ 5 ವರ್ಷದ ಎಫ್‌ಡಿ ಅಂತ. ಹಾಗೇ ಬೀಳಲಿ ಅಂತಲೇ ನಾನು ಹಾಗೆ ಹೇಳಿದ್ದು.

ಅರ್ಜಿ ಇಂಗ್ಲಿಷಿನಲ್ಲಿತ್ತು, ತುಂಬಿದ್ದು ನಾನು. ಪಿಂಚಣಿಯೊಂದನ್ನೇ ತೋರಿಸಿದರೆ ಅಷ್ಟು ಪ್ರೀಮಿಯಂ ಹೊಂದುವುದಿಲ್ಲ ಅಂತ ಆದಾಯದ ಕಾಲಮ್ಮಿಗೆ ಜಮೀನಿನ ಉತ್ಪನ್ನವನ್ನೂ ಸೇರಿಸಿದೆ. ಅವರಿಗಿದ್ದದ್ದು ಒಂದು ಸೈಟು!

ಆಮೇಲೆ ಕಂಪನಿಯಿಂದ ವೆರಿಫಿಕೇಶನ್ ಕಾಲ್. ಇದು ವಿಮೆ, ಎಫ್‌ಡಿ ಅಲ್ಲ, ಗೊತ್ತೇ? ಪ್ರತಿ ವರ್ಷ ಇಷ್ಟು ಕಟ್ಟಬೇಕು, ಗೊತ್ತೇ? ಈ ಕಾಲ್ ಇರುವುದೇ ಗಿರಾಕಿ ಮೋಸ ಹೋಗದಿರಲಿ ಅಂತ. ನಾವೇನು ಮಾಡುತ್ತೇವೆ ಗೊತ್ತಾ? ‘ಫೋನ್ ಬರುತ್ತೆ ಸರ್, ಎಲ್ಲಾದಕ್ಕೂ ಹೌದು ಅಂದ್ಬಿಡಿ’ ಅಂತ ಮೊದಲೇ ಹೇಳಿಕೊಟ್ಟಿರುತ್ತೇವೆ. ಮೇಷ್ಟ್ರೂ ಹೌದು ಅಂದರು. ಅದು ರೆಕಾರ್ಡ್ ಆಗುತ್ತದೆ. ನಾಳೆ ದೂರು ಕೊಟ್ಟರೆ ಕಂಪನಿ ಮುಂದಿಡುವುದು ಅದನ್ನೇ.

ಮರುವರ್ಷ ಎರಡನೇ ಕಂತಿನ ಎಸ್‌ಎಂಎಸ್ ನೋಡಿ ಗಾಬರಿಯಾಗಿ ಬಂದರು. ಪಾಲಿಸಿ ಬಾಂಡನ್ನು ಎಫ್‌ಡಿ ರಸೀದಿ ಅಂದುಕೊಂಡು, ಕವರ್ ಕೂಡ ಒಡೆಯದೆ ಬೀರುವಿನಲ್ಲಿಟ್ಟಿದ್ದರು. ಮುಂದೆ ಕಟ್ಟಲು ಅವರಿಂದ ಆಗಲಿಲ್ಲ. ಆಗಿನ ನಿಯಮದಲ್ಲಿ ಒಂದೇ ಕಂತು ಕಟ್ಟಿ ಬಿಟ್ಟರೆ ಅಂಥ ಪಾಲಿಸಿಯಲ್ಲಿ ವಾಪಸ್ ಏನೂ ಬರುತ್ತಿರಲಿಲ್ಲ. 2024ರ ಅಕ್ಟೋಬರ್‌ನಿಂದ ನಿಯಮ ಬದಲಾಗಿದೆ, ಈಗ ಮೊದಲ ವರ್ಷದ ಪ್ರೀಮಿಯಂ ಪೂರ್ತಿ ಕಟ್ಟಿದ್ದರೂ ಒಂದಿಷ್ಟು ಸಿಗುತ್ತದೆ. ಮೇಷ್ಟ್ರಿಗೆ ಅದರಿಂದ ಏನು ಬಂತು, ಹೇಳಿ.

ಈಗಲೂ ಮೇಜಿನ ಈ ಕಡೆಯೇ ಇದ್ದೇನೆ, ಹಾಗಾಗಿ ನಮ್ಮವರ ಪಟ್ಟುಗಳು ಗೊತ್ತು. ‘ಎಫ್‌ಡಿ ಜೊತೆ ಇನ್ಶೂರೆನ್ಸ್ ಫ್ರೀ’ ಅಂದರೆ ಎದ್ದು ಬನ್ನಿ. ಬ್ಯಾಂಕ್ ಮುಳುಗಿದರೆ ಠೇವಣಿಗೆ 5 ಲಕ್ಷದವರೆಗೆ ರಕ್ಷಣೆ 2020ರಿಂದ ಇದೆ, ಅದು ತಾನಾಗಿಯೇ ಇರುತ್ತದೆ, ಅದಕ್ಕೆ ಯಾವ ಅರ್ಜಿಗೂ ಸಹಿ ಹಾಕಬೇಕಾಗಿಲ್ಲ. ಲಾಭದ ಪಟ್ಟಿಯಲ್ಲಿ ಶೇ 4, ಶೇ 8 ಅಂತ ಎರಡು ಲೆಕ್ಕ ಇದ್ದರೆ ನಮ್ಮ ಬೆರಳು ಶೇ 8ರ ಕಡೆಗೇ ಹೋಗುತ್ತದೆ. ಎರಡೂ ಬರೀ ಉದಾಹರಣೆ, ಗ್ಯಾರಂಟಿ ಅಲ್ಲ. ಇನ್ನು, ವರ್ಷಕ್ಕೆ ಎಷ್ಟು, ಎಷ್ಟು ವರ್ಷ, ದುಡ್ಡು ಯಾವ ತಾರೀಖಿಗೆ ಕೈಗೆ ಬರುತ್ತದೆ, ಇಷ್ಟನ್ನು ಒಂದು ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಸಹಿ ಹಾಕಿಕೊಡಿ ಅಂತ ಕೇಳಿ ನೋಡಿ. ಎಷ್ಟೋ ಜನರ ಪೆನ್ನು ಅಲ್ಲೇ ನಿಲ್ಲುತ್ತದೆ.

ಆಗಲೇ ಸಹಿ ಹಾಕಿಬಿಟ್ಟಿದ್ದರೆ? ಜೀವ ವಿಮೆಯ ಪಾಲಿಸಿ ಪತ್ರ ಕೈಸೇರಿದ ದಿನದಿಂದ 30 ದಿನದೊಳಗೆ ಬೇಡ ಅನ್ನಬಹುದು. ಸ್ಟಾಂಪ್ ಖರ್ಚು, ವೈದ್ಯಕೀಯ ಪರೀಕ್ಷೆ ಆಗಿದ್ದರೆ ಅದರ ಖರ್ಚು, ಅಷ್ಟು ದಿನದ ವಿಮಾ ರಕ್ಷಣೆಯ ದುಡ್ಡು ಮುರಿದುಕೊಂಡು ಉಳಿದದ್ದು ವಾಪಸ್ ಕೊಡಬೇಕು. ಕೊರಿಯರ್ ಕವರ್ ಬಿಸಾಡಬೇಡಿ, ತಾರೀಖಿಗೆ ಅದೂ ಸಾಕ್ಷಿ. ಇಮೇಲ್‌ನಲ್ಲಿ ಬಂದಿದ್ದರೆ ಅದನ್ನು ಅಳಿಸಬೇಡಿ. ರದ್ದು ಮಾಡಿ ಅಂತ ಬರೆದದ್ದನ್ನು ನೇರ ವಿಮಾ ಕಂಪನಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ನನ್ನಂಥವನ ಕೈಗೆ ಮಾತ್ರ ಕೊಡಬೇಡಿ. ನಾನು ಕಾಫಿ ತರಿಸುತ್ತೇನೆ, ‘ಮ್ಯಾನೇಜರ್ ರಜೆಯಲ್ಲಿದ್ದಾರೆ, ಸೋಮವಾರ ಬನ್ನಿ ಸರ್’ ಅನ್ನುತ್ತೇನೆ, ಆ ಸೋಮವಾರ 31ನೇ ದಿನ ಆಗಿರುತ್ತದೆ.