ಓದುವುದು ಪುಸ್ತಕದಿಂದ, ಟಿಪ್ಪಣಿ ಎಲ್ಲಿಂದಾದರೂ

ಆ ಭಾನುವಾರ ಚರ್ಚಿನಲ್ಲಿ ನನ್ನ ಪ್ರಸಂಗ ಮತ್ತಾಯ 11:28ರ ಮೇಲಿತ್ತು. ಕಷ್ಟಪಡುವವರನ್ನು, ಹೊರೆ ಹೊತ್ತವರನ್ನು ಯೇಸು ತನ್ನ ಬಳಿಗೆ ಕರೆಯುವ ವಚನ. ಆರಾಧನೆ ಮುಗಿದು ಜನ ಹೊರಗೆ ಹೋಗುತ್ತಿದ್ದಾಗ ವಯಸ್ಸಾದ ತಾಯಿಯೊಬ್ಬರು ಬೈಬಲ್ ತೆರೆದುಕೊಂಡೇ ನನ್ನ ಹತ್ತಿರ ಬಂದರು. ಕೈಯಲ್ಲಿ ಒಂದು ಮೊಂಡು ಪೆನ್ಸಿಲ್.

"ಅಯ್ಯನವರೇ, ಹೊರೆ ಇಳಿಸಿ ಬಾ ಅನ್ನಲಿಲ್ಲ, ಹೊತ್ತುಕೊಂಡೇ ಬಾ ಅಂದನು ಅಂತ ಓದಿದಿರಲ್ಲ, ಅದು ಎಷ್ಟನೇ ವಚನ? ಗೆರೆ ಎಳ್ಕೊಳ್ಳೋಣ ಅಂತ ಆವಾಗಿಂದ ಹುಡುಕ್ತಾ ಇದ್ದೀನಿ, ಸಿಕ್ತಾ ಇಲ್ಲ."

ಸಿಗುವುದು ಹೇಗೆ? ಅದು ವಚನವೇ ಅಲ್ಲ, ನನ್ನ ಮಾತು. ಟ್ಯಾಬ್‌ನಲ್ಲಿ ಟಿಪ್ಪಣಿ ಮಾಡಿಕೊಳ್ಳುವಾಗ ಬೈಬಲ್ ಆ್ಯಪ್‌ನಿಂದ ವಚನವನ್ನು ಕಾಪಿ ಮಾಡಿ ಅಂಟಿಸಿದ್ದೆ. ಅದರ ಕೆಳಗೇ ನನ್ನ ವಿವರಣೆಯನ್ನು ಅದೇ ಅಕ್ಷರದಲ್ಲಿ, ಅದೇ ಗಾತ್ರದಲ್ಲಿ ಬರೆದುಕೊಂಡಿದ್ದೆ. ಪೀಠದಲ್ಲಿ ನಿಂತು ಓದುವಾಗ ಎರಡನ್ನೂ ಒಂದೇ ದನಿಯಲ್ಲಿ, ತಲೆ ಎತ್ತದೆ ಓದಿಬಿಟ್ಟೆ. "ಅದು ವಾಕ್ಯ ಅಲ್ಲಮ್ಮ, ನಾನು ಹೇಳಿದ್ದು" ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಪೆನ್ಸಿಲನ್ನು ಅದೇ ಪುಟದ ನಡುವೆ ಇಟ್ಟು ಬೈಬಲ್ ಮುಚ್ಚಿದರು. ಮನೆಯಲ್ಲಿ ಮಗ ಹಾಸಿಗೆ ಹಿಡಿದಿದ್ದ ಕಾಲ ಅದು. ದೇವರ ಮಾತೆಂದು ನಂಬಿ ಅವರು ಹಿಡಿದುಕೊಂಡಿದ್ದ ಸಾಲನ್ನು ನಾನೇ ಅವರ ಕೈಯಿಂದ ಕಿತ್ತುಕೊಂಡ ಹಾಗಾಯಿತು.

ಈಗ ಪ್ರಸಂಗ ಮಾಡಲು ಕಲಿಸುವುದೇ ನನ್ನ ಕೆಲಸ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬಂದ ಮೊದಲ ವಾರದಲ್ಲೇ ಪ್ರಶ್ನೆ ಬರುತ್ತದೆ: ಪೀಠಕ್ಕೆ ಟ್ಯಾಬ್ ಒಯ್ಯಬಹುದೇ, ಅಚ್ಚಿನ ಬೈಬಲ್ಲೇ ಬೇಕೇ? ನಾನು ಅವರಿಗೆ ಆ ತಾಯಿಯ ಪೆನ್ಸಿಲಿನ ಕಥೆ ಹೇಳುತ್ತೇನೆ. ಆಮೇಲೆ ನನ್ನ ಉತ್ತರ ಹೇಳುತ್ತೇನೆ. ದೇವರ ವಾಕ್ಯವನ್ನು ಸಭೆಯ ಮುಂದೆ ಓದುವುದು ಅಚ್ಚಿನ ಪುಸ್ತಕದಿಂದಲೇ ಆಗಲಿ. ನಿಮ್ಮ ಟಿಪ್ಪಣಿ ಕಾಗದದಲ್ಲಿರಲಿ, ಟ್ಯಾಬಿನ ಗಾಜಿನ ಮೇಲಿರಲಿ, ನನ್ನ ಅಡ್ಡಿಯಿಲ್ಲ. ಆದರೆ ಎರಡೂ ಒಂದೇ ಕಡೆ ಇರಬಾರದು.

ಕಾಗದಕ್ಕೇ ಏನೋ ಪಾವಿತ್ರ್ಯವಿದೆ, ಫೋನು ಪೀಠಕ್ಕೆ ಅಪಮಾನ ಎಂದು ವಾದಿಸುವ ಹಿರಿಯರಿದ್ದಾರೆ. ಅವರ ಭಕ್ತಿಯನ್ನು ಗೌರವಿಸುತ್ತೇನೆ, ವಾದವನ್ನು ಒಪ್ಪಲಾರೆ. ನಾವು ಬೈಬಲ್ ಎಂದು ಕೈಯಲ್ಲಿ ಹಿಡಿಯುವ ಆಕಾರವೇ ಒಂದು ಕಾಲದ ಹೊಸ ತಂತ್ರಜ್ಞಾನ. ಎರಡನೇ ಶತಮಾನದಲ್ಲಿ ಗ್ರೀಕ್ ಸಾಹಿತ್ಯವೆಲ್ಲ ಹೆಚ್ಚಾಗಿ ಸುರುಳಿಗಳಲ್ಲೇ ಇದ್ದಾಗ, ಕ್ರೈಸ್ತರು ಹಾಳೆ ಮಡಚಿ ಹೊಲಿದ ಪುಸ್ತಕವನ್ನು ಅಪ್ಪಿಕೊಂಡರು. ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿ ಯೋಹಾನನ ಸುವಾರ್ತೆಯ 18ನೇ ಅಧ್ಯಾಯದ ಒಂದು ಪುಟ್ಟ ಪಪೈರಸ್ ಚೂರಿದೆ. ವಿದ್ವಾಂಸರು ಸಾಮಾನ್ಯವಾಗಿ ಅದನ್ನು ಎರಡನೇ ಶತಮಾನದ್ದೆಂದು ಎಣಿಸುತ್ತಾರೆ. ಅಂಗೈಯೊಳಗೆ ಹಿಡಿಸುವಷ್ಟು ಚಿಕ್ಕದು, ಆದರೂ ಅದರ ಎರಡೂ ಬದಿಯಲ್ಲಿ ಬರಹವಿದೆ, ಅಂದರೆ ಅದು ಸುರುಳಿಯ ತುಂಡಲ್ಲ, ಪುಸ್ತಕದ ಪುಟ. ನಾವು ಬಾಯಿಪಾಠ ಹೇಳುವ ಅಧ್ಯಾಯ, ವಚನಗಳ ಅಂಕಿಗಳೂ ಮೂಲದಲ್ಲಿರಲಿಲ್ಲ. ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ್ದು. ಹೊಸ ಒಡಂಬಡಿಕೆಗೆ ಈಗಿರುವ ವಚನ ಸಂಖ್ಯೆ ಬಂದದ್ದು 1551ರಲ್ಲಿ, ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕನ ಕೈಯಿಂದ. ಸುರುಳಿಯಿಂದ ಪುಸ್ತಕಕ್ಕೆ, ಕೈಬರಹದಿಂದ ಅಚ್ಚಿಗೆ ಬಂದಾಗ ವಾಕ್ಯ ಕಳೆದುಹೋಗಲಿಲ್ಲ. ಗಾಜಿಗೆ ಬಂದರೂ ಕಳೆಯದು.

ಹಾಗಾದರೆ ಓದಲು ಪುಸ್ತಕವೇ ಏಕೆ? ಲೂಕ 4ನೇ ಅಧ್ಯಾಯದಲ್ಲಿ ನಜರೇತಿನ ಸಭಾಮಂದಿರದ ಆ ಸಬ್ಬತ್ ದಿನವನ್ನು ನಿಧಾನವಾಗಿ ನೋಡಿ. ಯೇಸು ಓದಲು ಎದ್ದು ನಿಲ್ಲುತ್ತಾನೆ. ಯೆಶಾಯನ ಸುರುಳಿಯನ್ನು ಅವನ ಕೈಗೆ ಕೊಡುತ್ತಾರೆ. ಅವನು ಅದನ್ನು ಬಿಚ್ಚಿ, ಬೇಕಾದ ಸ್ಥಳವನ್ನು ಹುಡುಕಿ, ಓದುತ್ತಾನೆ. ಓದಿದ ಮೇಲೆ ಸುರುಳಿಯನ್ನು ಸುತ್ತಿ ಆಳಿನ ಕೈಗೆ ಹಿಂದಕ್ಕೆ ಕೊಟ್ಟು ಕುಳಿತುಕೊಳ್ಳುತ್ತಾನೆ. ಎಲ್ಲರ ಕಣ್ಣು ಅವನ ಮೇಲಿರುವಾಗ, ಕುಳಿತ ಮೇಲೆ, ಮಾತು ಶುರುವಾಗುತ್ತದೆ. ಎದ್ದು ನಿಂತದ್ದು ಓದಲು, ಕುಳಿತದ್ದು ಬೋಧಿಸಲು. ನಡುವೆ ಸುರುಳಿ ಕೈಯಿಂದ ಕೈಗೆ ಹೋಗಿದೆ. ಪ್ರವಾದಿಯ ಮಾತು ಎಲ್ಲಿ ಮುಗಿಯಿತು, ಈ ಬೋಧಕನ ಮಾತು ಎಲ್ಲಿ ಶುರುವಾಯಿತು ಎಂದು ಹಿಂದಿನ ಸಾಲಿನ ಮಗುವಿಗೂ ಗೊತ್ತಾಗುವಂತಿತ್ತು. ಲೂಕನು ಇಷ್ಟು ಸಣ್ಣ ಚಲನೆಗಳನ್ನೆಲ್ಲ ಬಿಡದೆ ಬರೆದಿಟ್ಟದ್ದಕ್ಕೆ ನಾನು ಎಷ್ಟೋ ಸಲ ಮನಸ್ಸಿನಲ್ಲೇ ವಂದಿಸಿದ್ದೇನೆ.

ಟ್ಯಾಬ್ ಒಂದನ್ನೇ ಹಿಡಿದು ನಿಂತಾಗ ಈ ಗಡಿ ಅಳಿಸಿಹೋಗುತ್ತದೆ. ವಾಕ್ಯವೂ ಅದರಲ್ಲೇ, ನನ್ನ ಅಭಿಪ್ರಾಯವೂ ಅದರಲ್ಲೇ, ಯಾರದೋ ಪ್ರಸಂಗದಿಂದ ಎತ್ತಿದ ಉದಾಹರಣೆಯೂ ಅದರಲ್ಲೇ. ಕೇಳುವವರು ನೋಡುವುದು ಹೊಳೆಯುವ ಒಂದು ಹಲಗೆಯ ಹಿಂಭಾಗವನ್ನು ಮಾತ್ರ. ಬದಲಿಗೆ ಪುಸ್ತಕವನ್ನು ತೆರೆದಾಗ ಸಭೆಗೆ ಕಾಣುತ್ತದೆ: ಇವರು ಈಗ ಓದುತ್ತಿದ್ದಾರೆ. ಅದನ್ನು ಪೀಠದ ಮೇಲಿಟ್ಟು ತಲೆ ಎತ್ತಿದಾಗ ಅದೂ ಕಾಣುತ್ತದೆ: ಇನ್ನು ಮುಂದಿನದು ಇವರ ಮಾತು, ಇದನ್ನು ನಾವು ತೂಗಿ ನೋಡಬಹುದು. ತೂಗಿ ನೋಡುವ ಆ ಹಕ್ಕನ್ನು ಸಭೆಯಿಂದ ಕಿತ್ತುಕೊಳ್ಳಬಾರದು. ಬೆರೋಯ ಎಂಬ ಊರಿನವರು ಅಪೊಸ್ತಲ ಪೌಲನ ಮಾತನ್ನೇ ಶಾಸ್ತ್ರಗಳಲ್ಲಿ ಹುಡುಕಿ ಪರೀಕ್ಷಿಸಿದರೆಂದು ಅಪೊಸ್ತಲರ ಕೃತ್ಯಗಳು 17ನೇ ಅಧ್ಯಾಯ ಅವರನ್ನು ಹೊಗಳುತ್ತದೆ.

ಕೆಲವು ಸಭೆಗಳ ಸಂಪ್ರದಾಯದಲ್ಲಿ ಈ ಚರ್ಚೆಗೆ ಜಾಗವೇ ಇಲ್ಲ. ಸುವಾರ್ತೆಯ ಗ್ರಂಥವನ್ನು ಮೆರವಣಿಗೆಯಲ್ಲಿ ತಂದು, ಧೂಪ ಹಾಕಿ, ಓದಿದ ಮೇಲೆ ಮುತ್ತಿಡುವ ಕಡೆ ಆ ಗ್ರಂಥದ ಬದಲು ಟ್ಯಾಬ್ ಇಡುವುದು ಯಾರಿಗೂ ಹೊಳೆಯದು. ಐಪ್ಯಾಡ್ ಮಾರುಕಟ್ಟೆಗೆ ಬಂದು ಎರಡು ವರ್ಷವಾಗುವಷ್ಟರಲ್ಲಿ, 2012ರಲ್ಲಿ, ನ್ಯೂಜಿಲೆಂಡಿನ ಕ್ಯಾಥೊಲಿಕ್ ಬಿಷಪ್ಪರು ಬಲಿಪೂಜೆಗೆ (ಮಾಸ್) ಅಚ್ಚಾದ ಅಧಿಕೃತ ಪೂಜಾಗ್ರಂಥವನ್ನೇ ಬಳಸಬೇಕೆಂದು ತಿಳಿಸಿದರು. ಅಂಥ ನಿಯಮವಿಲ್ಲದ ಸಭೆಗಳಲ್ಲಿ ಬೋಧಕನೇ ತೀರ್ಮಾನಿಸಬೇಕು. ನಾನು ಬರೆಯುತ್ತಿರುವುದು ಅವರಿಗಾಗಿ.

ಎರಡನೆಯ ಸಂಗತಿ ಪ್ರಸಂಗದ ತಯಾರಿಯದು. ಜನರ ಕಣ್ಣಿಗೆ ಇದು ಬೀಳುವುದಿಲ್ಲ, ಹಾನಿ ಮಾತ್ರ ಹೆಚ್ಚು. ಯೆರೆಮೀಯ 29:11 ಅನ್ನು ಫೋನಿನಲ್ಲಿ ಹುಡುಕಿ ನೋಡಿ. ನಿಮ್ಮ ವಿಷಯವಾಗಿ ನಾನು ಮಾಡಿಕೊಳ್ಳುವ ಆಲೋಚನೆಗಳು ಕೇಡಿನವಲ್ಲ, ಹಿತದವು ಎಂಬ ಆ ವಚನ ಒಂಟಿಯಾಗಿ ಪರದೆ ತುಂಬ ನಿಲ್ಲುತ್ತದೆ. ನಾಳೆಯೇ ಕೆಲಸ ಸಿಗುತ್ತದೆ, ನಾಳೆಯೇ ಕಾಯಿಲೆ ವಾಸಿಯಾಗುತ್ತದೆ ಎಂದು ಪ್ರಸಂಗ ಕಟ್ಟಲು ಅಷ್ಟು ಸಾಕು. ಅದನ್ನೇ ಪುಸ್ತಕದಲ್ಲಿ ತೆರೆಯಿರಿ. ಬೇಕೆಂದರೂ ಬೇಡವೆಂದರೂ ಮೇಲಿನ ಸಾಲು ಕಣ್ಣಿಗೆ ಬೀಳುತ್ತದೆ: ಬಾಬೆಲಿನಲ್ಲಿ 70 ವರ್ಷ ತುಂಬಿದ ಮೇಲೆ. ಇನ್ನೂ ಮೇಲೆ ಹೋದರೆ, ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಸೆರೆ ಒಯ್ದವರ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂಬ ಮಾತು. ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯ ಬರೆದ ಪತ್ರವಿದು. ಅದನ್ನು ಕೇಳಿಸಿಕೊಂಡ ಎಷ್ಟೋ ಮಂದಿ ತಮ್ಮ ಊರನ್ನು ಮತ್ತೆ ನೋಡದೆ ಸತ್ತಿರಬೇಕು. ವಾಗ್ದಾನ ಸುಳ್ಳಾಗಲಿಲ್ಲ, ಆದರೆ ಅದು ನಾವು ಅಂದುಕೊಂಡ ವಾಗ್ದಾನವಲ್ಲ. ಆ್ಯಪ್‌ನಲ್ಲೂ ಇಡೀ ಅಧ್ಯಾಯ ಇದೆ, ನಿಜ. ಆದರೆ ಹುಡುಕುವ ಪೆಟ್ಟಿಗೆ ನಮ್ಮನ್ನು ವಚನದ ನೆತ್ತಿಗೇ ಇಳಿಸುತ್ತದೆ, ಪಕ್ಕದ ದಾರಿಯಲ್ಲಿ ನಡೆಸಿಕೊಂಡು ಹೋಗುವುದಿಲ್ಲ.

ಇದರಿಂದ ಪ್ರಸಂಗದ ರೂಪವೇ ಬದಲಾಗುತ್ತದೆ. ಸಮಾಧಾನ ಎಂದು ಹುಡುಕಿದರೆ ವಚನಗಳ ಉದ್ದನೆಯ ಪಟ್ಟಿ ಬರುತ್ತದೆ, ಬೋಧಕ ಹದಿನೈದನ್ನು ಆರಿಸಿ ಪೋಣಿಸುತ್ತಾನೆ. ಕೇಳುವವರು ಮೂರನೇ ವಚನ ತೆರೆಯುವಷ್ಟರಲ್ಲಿ ಅವನು ಏಳನೆಯದರಲ್ಲಿರುತ್ತಾನೆ. ಕೊನೆಗೆ ಅವರು ಬೈಬಲ್ ಮುಚ್ಚಿ ಸುಮ್ಮನೆ ಕೂರುತ್ತಾರೆ. ನನ್ನ ತರಗತಿಯಲ್ಲಿ ಮೊದಲ ಆರು ಪ್ರಸಂಗಗಳಲ್ಲಿ ಒಂದೊಂದಕ್ಕೂ ಒಂದೇ ವಾಕ್ಯಭಾಗ, ಅದೂ ಪುಸ್ತಕದಲ್ಲಿ ಪೆನ್ಸಿಲ್ ಹಿಡಿದು ಓದಿದ್ದೇ ಆಗಬೇಕು. ಮೂಲಭಾಷೆಯ ನಿಘಂಟು, ಬೇರೆ ಭಾಷಾಂತರಗಳ ಹೋಲಿಕೆ, ಭೂಪಟ ಇವುಗಳಿಗೆ ಕಂಪ್ಯೂಟರ್ ಬೇಕೇ ಬೇಕು. ಅದಕ್ಕೆ ಅದು ವರದಾನ. ಆದರೆ ಅದು ಎರಡನೇ ದಿನದ ಕೆಲಸ.

ಓದಿನ ಬಗ್ಗೆ ಆಗಿರುವ ಸಂಶೋಧನೆಯೂ ಈ ಕಡೆಗೇ ಕೈ ತೋರಿಸುತ್ತದೆ. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 54 ಅಧ್ಯಯನಗಳನ್ನು, ಸುಮಾರು 1 ಲಕ್ಷ 70 ಸಾವಿರ ಓದುಗರನ್ನು ಒಟ್ಟಿಗೆ ಪರಿಶೀಲಿಸಿತ್ತು. ಪರದೆಯ ಮೇಲೆ ಓದಿದವರಿಗಿಂತ ಕಾಗದದಲ್ಲಿ ಓದಿದವರ ಗ್ರಹಿಕೆ ಸ್ವಲ್ಪ ಮೇಲಿತ್ತು. ಸಮಯದ ಒತ್ತಡವಿದ್ದಾಗ ಅಂತರ ಹೆಚ್ಚಿತ್ತು, ಬರಿಯ ಕಥಾರೂಪದ ಬರಹದಲ್ಲಿ ಅಂತರ ಕಾಣಲಿಲ್ಲ. ಅವರು ಓದಿದ್ದು ಬೈಬಲ್ ಅಲ್ಲ, ಆದ್ದರಿಂದ ಇದನ್ನು ಎಳೆದು ದೊಡ್ಡದು ಮಾಡಬಾರದು. ಆದರೂ ರೋಮಾಪುರದವರಿಗೆ ಬರೆದ ಪತ್ರದ ಬಿಗಿಯಾದ ವಾದವನ್ನು ಶನಿವಾರ ರಾತ್ರಿ ಅವಸರದಲ್ಲಿ ಫೋನಿನಲ್ಲಿ ಓದಿ ಮುಗಿಸುವವರು ಇದನ್ನು ನೆನಪಿಟ್ಟುಕೊಳ್ಳಲಿ.

ಇನ್ನು ಟ್ಯಾಬ್‌ನಲ್ಲಿ ಟಿಪ್ಪಣಿ ಇಟ್ಟುಕೊಳ್ಳುವವರಿಗೆ ಕೆಲವು ಮಾತು, ಎಲ್ಲವೂ ಪೆಟ್ಟು ತಿಂದು ಕಲಿತದ್ದು. ಪೀಠ ಹತ್ತುವ ಮುಂಚೆ ಏರೋಪ್ಲೇನ್ ಮೋಡ್ ಹಾಕಿ. ಮೌನಕ್ಕಿಟ್ಟರೆ ಸಾಲದು, ಸಂದೇಶದ ಪಟ್ಟಿ ಪರದೆಯ ಮೇಲಿಂದ ಇಳಿದಾಗ ಕಣ್ಣು ಅದರ ಹಿಂದೆ ಹೋಗಿಯೇ ಹೋಗುತ್ತದೆ, ಮುಂದಿನ ಸಾಲಿನವರಿಗೆ ಅದು ತಿಳಿಯುತ್ತದೆ. ಮೈಕಿನ ಪಕ್ಕ ಫೋನಿಟ್ಟರೆ ಸ್ಪೀಕರಿನಲ್ಲಿ ಟಿರ್ ಟಿರ್ ಎಂಬ ಸದ್ದು ಬರುವುದೂ ಸಿಗ್ನಲ್ಲಿನಿಂದಲೇ. ಪರದೆ ತಾನಾಗಿ ಆರುವ ಸಮಯವನ್ನು ಪೂರ್ತಿ ತೆಗೆದುಬಿಡಿ. ಪ್ರಸಂಗದಲ್ಲಿ ನಾವು ಮೌನವಾಗಿ ನಿಲ್ಲಬೇಕಾದ ಜಾಗಗಳಿರುತ್ತವೆ, ಸರಿಯಾಗಿ ಆಗಲೇ ಪರದೆ ಕಪ್ಪಾಗಿ ಪಾಸ್‌ವರ್ಡ್ ಕೇಳುತ್ತದೆ. ಪರದೆ ಅಡ್ಡ ತಿರುಗದಂತೆ ಲಾಕ್ ಮಾಡಿ. ಟಿಪ್ಪಣಿಯನ್ನು ಪಿಡಿಎಫ್ ಮಾಡಿ ಸಾಧನದಲ್ಲೇ ಉಳಿಸಿಕೊಳ್ಳಿ, ಪುಟ ಪುಟವಾಗಿ ತಿರುಗಿಸಿ. ಉದ್ದಕ್ಕೆ ಜಾರುವ ಬರಹದಲ್ಲಿ ಬೆರಳು ತಾಕಿದರೆ ಸ್ಥಳ ತಪ್ಪುತ್ತದೆ, ಪುಟದಲ್ಲಿ ಹಾಗಾಗದು. ಪ್ರಸಂಗದ ರೂಪರೇಖೆಯನ್ನು ಒಂದು ಕಾಗದದಲ್ಲಿ ಬರೆದು ಬೈಬಲಿನೊಳಗೆ ಇಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ವಚನಗಳನ್ನು ಟಿಪ್ಪಣಿಯಲ್ಲಿ ಅಂಟಿಸಬೇಡಿ. ನನ್ನ ಟಿಪ್ಪಣಿಯಲ್ಲಿ ಈಗ ಮತ್ತಾ. 11:28 ಎಂಬ ಅಂಕಿ ಮಾತ್ರ ಇರುತ್ತದೆ. ಅಕ್ಷರ ಬೇಕಾದರೆ ನಾನು ಪುಸ್ತಕದ ಕಡೆಗೆ ತಿರುಗಲೇಬೇಕು, ತಿರುಗುವುದನ್ನು ಸಭೆ ನೋಡಲೇಬೇಕು.

ಪುಸ್ತಕದಿಂದ ಓದುವವರೂ ತಯಾರಾಗಬೇಕು. ತೆಳು ಹಾಳೆ, ಸಣ್ಣಕ್ಷರ, ಮಂದ ಬೆಳಕು ಸೇರಿದರೆ ಓದು ತಡವರಿಸುತ್ತದೆ. ಪೀಠಕ್ಕೆ ದೊಡ್ಡಕ್ಷರದ ಬೈಬಲ್ ಇರಲಿ. ರಿಬ್ಬನ್ ಮೊದಲೇ ಇಟ್ಟಿರಲಿ. ಹಿಂದಿನ ರಾತ್ರಿ ಗಟ್ಟಿಯಾಗಿ ಮೂರು ಸಲವಾದರೂ ಓದಿರಬೇಕು.

ಕೂತು ಕೇಳುವವರ ಫೋನಿನ ವಿಷಯದಲ್ಲಿ ಮಾತ್ರ ನನಗೆ ಯಾವ ತಕರಾರೂ ಇಲ್ಲ. ಪೀಠದಿಂದ ಅವರನ್ನು ಗದರಿಸುವ ಬೋಧಕರನ್ನು ಕಂಡರೆ ಬೇಸರವಾಗುತ್ತದೆ. ಕಣ್ಣು ಮಂಜಾದವರು ಅಕ್ಷರ ಹಿಗ್ಗಿಸಿಕೊಳ್ಳುತ್ತಾರೆ. ಸಭೆಯ ಭಾಷೆ ಬಾರದವರು ತಮ್ಮ ಭಾಷೆಯಲ್ಲಿ ಅದೇ ವಚನವನ್ನು ತೆರೆಯುತ್ತಾರೆ. 2008ರಲ್ಲಿ ಶುರುವಾದ ಯೂವರ್ಷನ್ ಎಂಬ ಬೈಬಲ್ ಆ್ಯಪ್ ಒಂದರಲ್ಲೇ ಈಗ ಎರಡು ಸಾವಿರಕ್ಕೂ ಹೆಚ್ಚು ಭಾಷೆಗಳಿವೆ. ಬೈಬಲ್ ಹಿಡಿದು ಬೀದಿಯಲ್ಲಿ ನಡೆಯುವುದೇ ಅಪಾಯವಾಗಿರುವ ದೇಶಗಳಲ್ಲಿ ಫೋನಿನೊಳಗಿನ ವಾಕ್ಯವೇ ಸಭೆಯನ್ನು ಉಳಿಸಿದೆ. ಅಂಥ ಕಡೆ ಬೋಧಕನೂ ಅದರಿಂದಲೇ ಓದಲಿ. ನನ್ನ ಮಾತು ಅವರಿಗೆ ಅನ್ವಯಿಸುವುದಿಲ್ಲ.

ನನ್ನ ಉತ್ತರಕ್ಕೆ ಸವಾಲಾಗಿ ನಿಂತದ್ದು ಒಬ್ಬ ಹಿರಿಯ ಸ್ನೇಹಿತರ ಕಣ್ಣು. ನಲವತ್ತು ವರ್ಷ ಪೀಠದಲ್ಲಿ ನಿಂತವರು. ದೊಡ್ಡಕ್ಷರದ ಬೈಬಲೂ ಕಾಣದಂತಾದಾಗ ಟ್ಯಾಬ್‌ನಲ್ಲಿ ಒಂದು ಪರದೆಗೆ ಏಳೆಂಟು ಪದ ಬರುವಷ್ಟು ಹಿಗ್ಗಿಸಿ ಓದತೊಡಗಿದರು. "ನಿಮ್ಮ ನಿಯಮ ನನಗೆ ಪೀಠ ಬಿಡು ಅನ್ನುತ್ತಾ?" ಎಂದು ಕೇಳಿದರು. ಹಾಗೆನ್ನುವುದಿಲ್ಲ, ಆದರೆ ಓದುವವರೇ ಮಾತನಾಡಬೇಕು ಅಂತಲೂ ಎಲ್ಲೂ ಇಲ್ಲವಲ್ಲ ಎಂದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಈಗ ಅವರ ಸಭೆಯಲ್ಲಿ ಶಾಲೆಗೆ ಹೋಗುವ ಹುಡುಗಿಯೊಬ್ಬಳು ಅಚ್ಚಿನ ಬೈಬಲಿನಿಂದ ಅಂದಿನ ಭಾಗವನ್ನು ಓದುತ್ತಾಳೆ. ಶನಿವಾರ ಸಂಜೆ ಅವರ ಮನೆಗೆ ಹೋಗಿ ಅವರ ಮುಂದೆ ಓದಿ ಅಭ್ಯಾಸ ಮಾಡಿರುತ್ತಾಳೆ, ಎಲ್ಲಿ ನಿಲ್ಲಿಸಬೇಕು, ಯಾವ ಹೆಸರನ್ನು ಹೇಗೆ ಉಚ್ಚರಿಸಬೇಕು ಎಂದು ಅವರೇ ಹೇಳಿಕೊಟ್ಟಿರುತ್ತಾರೆ. ಅವಳು ಓದುವಾಗ ಅವರು ಸಭೆಯ ಜೊತೆ ಕುಳಿತು ಕೇಳುತ್ತಾರೆ. ಅವಳು ಪುಸ್ತಕ ಮುಚ್ಚಿ ಕೆಳಗಿಳಿದ ಮೇಲೆ ಟ್ಯಾಬ್ ಹಿಡಿದು ಎದ್ದು, ಕೇಳಿದ್ದರ ಬಗ್ಗೆ ಮಾತನಾಡಲು ಹೋಗುತ್ತಾರೆ.